ಬಾಳಿಕೆ ಬರುವ ತಿಗರಿ

"ಇದೇನ್ರಿ ಮುರುಗೇಂದ್ರಪ್ಪಾರೆ, ತಿಗರಿ ಅಂತ ಹೇಳಿ ಹಿಟ್ಟಿನ ಗಿರಣಿ ತರ್ಸೀರಿ?" ಎಂದು ಅಂಜಿನೇಯ ಮಡಕೆ ಮಾಡುವ ಕಬ್ಬಿಣದ ಚೌಕಟ್ಟಿನ ಕರೆಂಟ್ ತಿಗರಿಯನ್ನು ಚಪ್ಪಲಿಯ ತುದಿಯಿಂದ ತಳ್ಳಿದ. ಅದು ಅಲುಗಲಿಲ್ಲ. ಅದರ ಪಕ್ಕದಲ್ಲಿದ್ದ ಬಿಳಿ ಬಣ್ಣದ ನುಣುಪು ತಿಗರಿಯನ್ನು ಮಾತ್ರ ಮದುಮಗಳ ಗಲ್ಲ ಸವರಿದಂತೆ ಸವರಿದ.

ಚಳ್ಳಕೆರೆಯಲ್ಲಿ ಪಂಪ್‌ಸೆಟ್ಟು ಮಾರುವ ಮುರುಗೇಂದ್ರಪ್ಪನ ಅಂಗಡಿಗೆ ಇಂಥ ಸಾಮಾನು ಬಂದಿದ್ದು ಇದೇ ಮೊದಲು. ಕುಶಲಕರ್ಮಿ ಹೆಂಗಸರ ಯೋಜನೆಯಲ್ಲಿ ಅಂಜಿನೇಯನ ಹೆಂಡತಿ ಪ್ರೇಮಲತಾಗೆ ಒಂದು ತಿಗರಿ ಮಂಜೂರಾಗಿತ್ತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಕೆಟ್ಟರೆ ಇನ್ನೊಂದು ಸಿಗುವುದಿಲ್ಲ. ಹೆಸರು ಹೆಂಡತಿಯದಾದರೂ ಆರಿಸುವ ಭಾರವನ್ನು ಗಂಡ ತಾನೇ ಹೊತ್ತುಕೊಂಡಿದ್ದ. ಕುದಾಪುರದ ದಾರಿಯಲ್ಲಿ ಒಂದು ಶೀಟಿನ ಕೊಠಡಿ ಹಿಡಿದು, ಒಳಗೆ ಒಂದು ಸ್ಟೂಲೂ ಇಲ್ಲದಿದ್ದರೂ ಹೊರಗೆ 'ಅಂಜಿನೇಯ ಸ್ಟುಡಿಯೋ' ಎಂದು ಬೋರ್ಡು ಬರೆಸಿಯೂ ಆಗಿತ್ತು. ಅಲ್ಲಿನ ಸಂಶೋಧನಾ ಕೇಂದ್ರಗಳ ಕ್ವಾರ್ಟರ್ಸಿನಿಂದ ಆರು ಜನ ಮೇಡಮ್ಮರು ಭಾನುವಾರದಿಂದ ಮಡಕೆ ಮಾಡಲು ಕಲಿಯುವುದಕ್ಕೆ ಬರುವವರಿದ್ದರು.

ಅಂಜಿನೇಯ ಬಿಳಿ ತಿಗರಿಯ ಮೇಲೆ ಒಂದು ಹಿಡಿ ಮಣ್ಣಿಟ್ಟು ಕೂತ. ಕೈಯೇನೋ ಒಳ್ಳೆಯ ಕೈ, ಅದನ್ನು ಅಲ್ಲಗಳೆಯುವಂತಿಲ್ಲ. ತೊಂದರೆ ಇದ್ದದ್ದು ಅದು ಒಳ್ಳೆಯದೆಂದು ಅವನಿಗೂ ಗೊತ್ತಿದ್ದದ್ದರಲ್ಲಿ. ಬೆರಳು ಸೋಕಿತೋ ಇಲ್ಲವೋ ಎನ್ನುವಷ್ಟರಲ್ಲಿ ಚಂದದ ಕುಡಿಕೆಯೊಂದು ಎದ್ದು ನಿಂತಿತು. ಅಂಗಡಿಗೆ ಬಂದಿದ್ದ ಇಬ್ಬರು ಗಿರಾಕಿಗಳು ಬಗ್ಗಿ ನೋಡಿದರು. ಅವರು ನೋಡುತ್ತಾರೆಂದೇ ಅವನು ಇನ್ನೊಂದನ್ನೂ ಎಬ್ಬಿಸಿದ.

"ಸದ್ದೇ ಇಲ್ಲ ನೋಡ್ರಿ. ಇದನ್ನೇ ಕಟ್ರಿ. ಹತ್ತು ವರ್ಷ ಅಲುಗಾಡಲ್ಲ."

"ಕಲಿಯಾಕೆ ಬರೋರು ನಿಮ್ಮಂಗೆ ಮುಟ್ತಾರೇನ್ರಿ?" ಎಂದಳು ಪ್ರೇಮಲತಾ. ಅಲ್ಲಿಯವರೆಗೆ ಅವಳು ಮಣ್ಣಿನ ಚೀಲ ಹಿಡಿದುಕೊಂಡು ನಿಂತಿದ್ದಳು.

"ನಿಂಗೇನು ಗೊತ್ತೈತೆ ಮೋಟಾರಿನ ಸಂಗತಿ? ಸುಮ್ನಿರು."

"ನಾನೊಂದು ಸಲ ಕುಂತು ನೋಡ್ತೀನಿ."

ಅಂಜಿನೇಯ ಅಂಗಡಿಯವನ ಕಡೆ ತಿರುಗಿ ನಕ್ಕ. "ಕೇಳಿದ್ರಾ? ಹನ್ನೆರಡು ವರ್ಷದಿಂದ ಇದೇ ಹಟ. ನಮ್ಮ ಮನೆ ಹೆಂಗಸರು ತಿಗರಿ ಹತ್ತಲ್ಲ ಕಣ್ರಿ. ನಮ್ಮವ್ವನೂ ಹತ್ಲಿಲ್ಲ."

"ಕುದಾಪುರದ ಮೇಡಮ್ಮರು ಹತ್ತಬೌದಾ?" ಎಂದಳು ಪ್ರೇಮಲತಾ.

"ಅವರು ನಮ್ಮ ಮನೆಯೋರಲ್ಲವಲ್ಲ," ಎಂದ ಅಂಜಿನೇಯ, ದೊಡ್ಡ ಶಾಸ್ತ್ರ ಬಿಡಿಸಿ ಹೇಳಿದವನ ಹಾಗೆ.

ಮುರುಗೇಂದ್ರಪ್ಪನಿಗೆ ಊಟದ ಹೊತ್ತು ಮೀರುತ್ತಿತ್ತು. "ಮಂಜೂರಾಗಿರೋದು ಅವ್ರ ಹೆಸರಿಗೆ ಕಣಪ್ಪ. ಫಲಾನುಭವಿ ಕುಂತಿರೋ ಫೋಟೋ ನಾನು ಕಳಿಸ್ಲೇಬೇಕು. ಕೂರು ತಾಯಿ," ಎಂದು ಮೊಬೈಲು ತೆಗೆದ. ಫೋಟೋ ಎಂದ ಮೇಲೆ ಅಂಜಿನೇಯನ ಶಾಸ್ತ್ರವೂ ಸಡಿಲವಾಯಿತು. ಮೇಲೆದ್ದು ಜಾಗ ಬಿಟ್ಟ.

ಪ್ರೇಮಲತಾ ಸೆರಗು ಸಿಕ್ಕಿಸಿಕೊಂಡು ಕೂತಳು. ಚೀಲದಿಂದ ದೊಡ್ಡ ಮುದ್ದೆಯನ್ನೇ ತೆಗೆದಿಟ್ಟಳು. ಮಣ್ಣು ನಡುವಿಗೆ ನಿಲ್ಲಲಿಲ್ಲ, ಆ ಕಡೆ ಈ ಕಡೆ ಹೊಯ್ದಾಡಿತು. ಕಲಿಯದ ಕೈ ಏನು ಮಾಡುತ್ತದೋ ಅದನ್ನೇ ಅವಳ ಕೈಯೂ ಮಾಡಿತು: ಬಲವೆಲ್ಲ ಹಾಕಿ ಒತ್ತಿಹಿಡಿಯಿತು. ಬಿಳಿ ತಿಗರಿ ಒಮ್ಮೆ ನರಳಿ, ನಿಧಾನವಾಗಿ, ನಿಂತೇಹೋಯಿತು. ಅದರ ಹೊಟ್ಟೆಯಿಂದ ಸುಟ್ಟ ವಾಸನೆ ಬಂತು. ಮುರುಗೇಂದ್ರಪ್ಪ ಓಡಿಹೋಗಿ ಸ್ವಿಚ್ಚು ಆರಿಸಿದ.

"ನೋಡಿದ್ರಾ, ಮೋಟಾರೂ ಹೆದರ್ಕಂತು ಇವಳ ಕೈಗೆ," ಎಂದು ಅಂಜಿನೇಯ ಹೊಟ್ಟೆ ಹಿಡಿದುಕೊಂಡು ನಕ್ಕ. ಗಿರಾಕಿಗಳೂ ನಕ್ಕರು.

ಪ್ರೇಮಲತಾಗೆ ಅವಮಾನವಾಯಿತು. ಆದರೆ ಎದ್ದವಳು ಮನೆಯ ದಾರಿ ಹಿಡಿಯಲಿಲ್ಲ. ಅದೇ ಮುದ್ದೆಯನ್ನು ಎತ್ತಿಕೊಂಡು ಕಬ್ಬಿಣದ ತಿಗರಿಗೆ ಹೋಗಿ ಕೂತಳು. ಅದು ಗುರುಗುಟ್ಟುತ್ತ ತಿರುಗಿತು. ಅವಳು ಮೊಣಕೈ ಊರಿ ಒತ್ತಿದಳು, ನೀರು ಚೆಲ್ಲಿದಳು, ಮೈಭಾರವನ್ನೆಲ್ಲ ಬಿಟ್ಟಳು. ಮಣ್ಣು ಸಿಡಿದು ಅಂಜಿನೇಯನ ಇಸ್ತ್ರಿ ಅಂಗಿಯ ಮೇಲೆ ಬಿತ್ತು. ಮಡಕೆಯಂತೂ ಆಗಲಿಲ್ಲ, ಮಡಕೆಯಾಗುವ ಲಕ್ಷಣವೂ ಕಾಣಲಿಲ್ಲ. ತಿಗರಿ ಮಾತ್ರ ಒಂದೇ ಸಮನೆ ತಿರುಗುತ್ತಲೇ ಇತ್ತು.

"ಇದನ್ನ ಕಟ್ಟಿಸ್ರಿ," ಎಂದಳು.

"ಲೇ, ಹುಚ್ಚು ಹಿಡೀತಾ? ಈ ಗಿರಣೀಲಿ ನನ್ನ ಕೈಗೆ ನಯ ಬರಲ್ಲ."

"ನಿಮ್ಮ ಕೈಗೆ ಯಾವುದಾದ್ರೂ ಬಾಳ್ತೈತೆ. ಬಾರದ ಕೈಗೆ ಬಾಳೋದು ಬೇಕು. ಕಲಿಯಾಕೆ ಬರೋ ಆರು ಮಂದಿಗೂ ಬರಲ್ಲ, ನಂಗೂ ಬರಲ್ಲ."

ಮುರುಗೇಂದ್ರಪ್ಪ ಕಾಗದ ಮುಂದಿಟ್ಟ. ಪ್ರೇಮಲತಾ ಮಣ್ಣುಗೈಯಲ್ಲೇ ಸಹಿ ಹಾಕಿದಳು. ಅಂಜಿನೇಯನಿಗೆ ಈಗ ನಗು ಬರುತ್ತಿರಲಿಲ್ಲ. ಗಿರಾಕಿಗಳಿಗೆ ಕೇಳಿಸದಂತೆ ಹತ್ತಿರ ಬಂದು, "ತಗಂಡೋಗೋದು ತಗಂಡೋಗು. ಮನೆ ಮುಟ್ಟಿದ ಮೇಲೆ ಅದರ ಮೇಲೆ ಕುಂತ್ರೆ ನೋಡು," ಎಂದ.

"ಮನೆಯಾಗೆ ಯಾಕೆ ಕೂರ್ಲಿ," ಎಂದಳು ಪ್ರೇಮಲತಾ, ಎಲ್ಲರಿಗೂ ಕೇಳಿಸುವ ಹಾಗೆ. "ಭಾನುವಾರ ಸ್ಟುಡಿಯೋದಾಗೆ ಮೇಡಮ್ಮರ ಸಾಲಿನಾಗೇ ಕೂರ್ತೀನಿ. ಅವರೆದುರಿಗೆ ನನ್ನೊಬ್ಬಳನ್ನ ಎದ್ದೇಳು ಅನ್ರಿ, ನೋಡಾನ."