ಬಾಗಿಲ ಹೊರಗಿನ ಹಾಡು

ಗಡಿಬಿಡಿಯಲ್ಲಿದ್ದರೆ ಇದನ್ನು ಈಗ ಓದಬೇಡಿ... ಒಂದು ಕಪ್ ಚಹಾ ಹಿಡಿದು, ಕೂತು ಓದಿ.

ಗದಗಿನಲ್ಲಿ ಹೂವಕ್ಕ ಅಂತ ಒಬ್ಬಳಿದ್ದಳು. ಹುಟ್ಟಿದಾಗ ಇಟ್ಟ ಹೆಸರು ಹೂವಪ್ಪ. ಮೀಸೆ ಚಿಗುರುವ ವಯಸ್ಸಿನಲ್ಲಿ "ನಾ ಗಂಡಲ್ಲ ಯವ್ವಾ, ನಾ ಹೆಣ್ಣು" ಅಂದಳು...

ಅಂದೇ ಮನೆಯ ಬಾಗಿಲು ಮುಚ್ಚಿತು. ಮುಚ್ಚಿದ್ದು ಬೇರೆ ಯಾರೂ ಅಲ್ಲ, ಹೆತ್ತ ತಾಯಿ ಬಾಳವ್ವ.

ಆಮೇಲೆ ಊರು ಬಿಟ್ಟು ಗದಗಿಗೆ ಬಂದು, ಬಸ್ ಸ್ಟ್ಯಾಂಡು, ಸಂತೆ ಅಂತ ಹಾಡಿ ಹೊಟ್ಟೆ ಹೊರೆದುಕೊಂಡಳು. ಆದರೆ ಆ ದನಿ ಇತ್ತಲ್ಲ... ಬೈಯಲು ಬಂದವರೂ ಹಾಡು ಮುಗಿಯುವವರೆಗೆ ಸುಮ್ಮನೆ ನಿಲ್ಲುತ್ತಿದ್ದರು!

ಒಂದು ದಿನ ನಾಟಕ ತಂಡದ ನಿರ್ದೇಶಕರು ಶಿವಯೋಗಿ ಸರ್ ಆ ದನಿ ಕೇಳಿದರು. ಅವರು 'ಎಲ್ಲರ ಮನಿ' ಅಂತ ಸಂಗೀತ ನಾಟಕ ಮಾಡುತ್ತಿದ್ದರು.

ಕಥೆ ಏನು ಗೊತ್ತೇ? ಹೂವಕ್ಕನಂಥದೇ ಒಬ್ಬ ಮಗಳು. ಮನೆಯವರು ಹೊರಗೆ ಹಾಕಿರುತ್ತಾರೆ. ಕೊನೆಯಲ್ಲಿ ಬಾಗಿಲ ಹೊರಗೆ ನಿಂತು ಹಾಡುತ್ತಾಳೆ... ತಾಯಿ ಬಾಗಿಲು ತೆಗೆದು "ಬಾ ಮಗಳ" ಅನ್ನುತ್ತಾಳೆ.

"ಹಾಡು ನೀವ ಹಾಡ್ರಿ ಹೂವಕ್ಕಾರ" ಅಂದರು ಸರ್.

ಹೂವಕ್ಕನ ಮುಖ ಅರಳಿತು. "ಪಾರ್ಟೂ ನಂದ ಏನ್ರಿ ಸರ?"

"ಛೇ ಛೇ... ಪಾರ್ಟು ನಮ್ಮ ಪ್ರಣತಿ ಮಾಡ್ತಾಳ. ನೀವು ವಿಂಗ್‌ನ್ಯಾಗ ನಿಂತು ಮೈಕಿನ್ಯಾಗ ಹಾಡ್ರಿ, ಅಕಿ ತುಟಿ ಆಡಸ್ತಾಳ. ಮಂದಿ ಇನ್ನೂ ಅಷ್ಟು ಮುಂದುವರದಿಲ್ಲ ನೋಡ್ರಿ..."

ನೋಡಿದಿರಾ! ಕಥೆ ಅವಳದ್ದು, ದನಿ ಅವಳದ್ದು... ಜಾಗ ಮಾತ್ರ ಪರದೆಯ ಹಿಂದೆ.

ಆದರೂ ಹೂವಕ್ಕ ಒಪ್ಪಿದಳು. ಅವಳಿಗೆ ಬೇಕಿದ್ದದ್ದು ಒಂದೇ. ತಾಯಿಯ ಊರಿನ ಮಹಿಳಾ ಸಂಘಕ್ಕೆ ಫ್ರೀ ಪಾಸ್ ಕಳಿಸಿದಳು, ಕಳಿಸಿದ್ದು ಯಾರು ಅಂತ ಹೇಳದೆ.

ಅವ್ವ ನಾಟಕ ನೋಡಬೇಕು... ನೋಡಿ, ಒಂದೇ ಒಂದು ಸಲ "ಮಗಳ" ಅನ್ನಬೇಕು. ಅಷ್ಟೇ ಆಸೆ.

ಶೋ ದಿನ ಬಂತು. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಿರಬಹುದು, ನಾಟಕಕ್ಕೆ ಮೊದಲು ನಾಂದಿ ಹಾಡುತ್ತಾರೆ. ಲೈಟ್ ಬಿಡುವವನಿಂದ ಹಿಡಿದು ಬಣ್ಣ ಹಚ್ಚುವವನವರೆಗೆ ತಂಡದ ಎಲ್ಲರೂ ಸಾಲಾಗಿ ನಿಂತು ಕೈಮುಗಿಯುತ್ತಾರೆ.

ಹೂವಕ್ಕನೂ ಸೆರಗು ಸರಿಮಾಡಿಕೊಂಡು ಬಂದಳು. "ನೀವು ಅಲ್ಲೇ ಇರ್ರಿ, ಗೆಸ್ಟ್ ಬಂದಾರ" ಅಂದರು ಸರ್. ಅವಳು ಪರದೆಯ ಸಂದಿಯಿಂದಲೇ ಕೈಮುಗಿದಳು.

ಮೂರನೇ ಸಾಲಿನಲ್ಲಿ ಅವ್ವ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು...

ಕೊನೆಯ ದೃಶ್ಯ. ಪ್ರಣತಿ ಬಾಗಿಲ ಮುಂದೆ ಕೂತಳು. ವಿಂಗ್‌ನಲ್ಲಿ ಹೂವಕ್ಕ ಕಣ್ಣು ಮುಚ್ಚಿ ಹಾಡಿದಳು. ಹಾಲ್ ಪೂರ್ತಿ ಬಿಕ್ಕಳಿಸಿತು.

ಬಾಳವ್ವನಿಗಂತೂ ತಡೆಯಲಾಗಲಿಲ್ಲ. ಎದ್ದು ನಿಂತು ಸ್ಟೇಜಿನ ಮೇಲಿನ ತಾಯಿಗೆ ಕೂಗಿಯೇ ಬಿಟ್ಟಳು...

"ಬಾಗಲಾ ತಗಿಯ ಯವ್ವಾ! ಕೂಸು ಹೊರಗ ನಿಂತೈತಿ... ನಿಂದು ಕರುಳೇನ, ಕಲ್ಲೇನ?"

ಹೂವಕ್ಕ ಪರದೆಯ ಸಂದಿಯಿಂದ ಇಣುಕಿದಳು. ಅವ್ವ ಬಾಗಿಲು ತೆಗೆ ಅನ್ನುತ್ತಿದ್ದಾಳೆ... ಅವ್ವ!

ಸ್ಟೇಜಿನ ಬಾಗಿಲು ತೆರೆಯಿತು. ತಾಯಿ ಮಗಳನ್ನು ತಬ್ಬಿಕೊಂಡಳು. ಜನ "ಒನ್ಸ್ ಮೋರ್! ಒನ್ಸ್ ಮೋರ್!" ಅಂತ ಕೂಗಿದರು.

ಒನ್ಸ್ ಮೋರ್ ಬಿದ್ದರೆ ಹಾಡಿದವರು ಮುಂದೆ ಬಂದು ಮತ್ತೆ ಹಾಡಬೇಕು. ಅದೂ ಪದ್ಧತಿಯೇ.

ಪ್ರಣತಿ ಸೀದಾ ವಿಂಗ್‌ಗೆ ಹೋಗಿ ಹೂವಕ್ಕನ ಕೈಹಿಡಿದು ಎಳೆದುಕೊಂಡೇ ಬಂದಳು.

"ಹಾಡಿದ್ದು ನಾ ಅಲ್ರಿ... ಇವರು. ಈ ಕಥಿನೂ ಇವರದ."

ಚಪ್ಪಾಳೆ ನಿಂತುಹೋಯಿತು. ಹಿಂದಿನಿಂದ ಯಾರೋ ಕೆಟ್ಟದಾಗಿ ಸಿಳ್ಳೆ ಹಾಕಿದರು.

ಹೂವಕ್ಕ ಮೂರನೇ ಸಾಲು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಬಾಳವ್ವ ಇನ್ನೂ ನಿಂತೇ ಇದ್ದಳು, ಕೆನ್ನೆಯ ಮೇಲಿನ ನೀರು ಆರಿರಲಿಲ್ಲ. ತಾಯಿ ಮಗಳ ಕಣ್ಣು ಕೂಡಿದವು.

ಪಕ್ಕದ ಹೆಂಗಸು ಕೇಳಿದಳು, "ಯಾರ ಬಾಳವ್ವ ಅಕಿ? ಮುಖಾ ನಿಮ್ಮ ಪೈಕಿ ಕಂಡಂಗ ಆತಲ್ಲ?"

ಹಾಲ್ ಎಷ್ಟು ಮೌನವಾಗಿತ್ತು ಅಂದರೆ, ಬಾಳವ್ವನ ಉತ್ತರ ಸ್ಟೇಜಿನವರೆಗೂ ಕೇಳಿಸಿತು.

"ನಮಗ್ಯಾಕ ಬೇಕವ್ವ... ಯಾರೋ ಏನೋ."

ಸೆರಗು ತಲೆಯ ಮೇಲೆ ಎಳೆದುಕೊಂಡು, ಬಗ್ಗಿ, ಸಾಲು ದಾಟಿ ಹೊರಟೇಹೋದಳು.

ಹೂವಕ್ಕ ಹಾಡಿದಳು. ಖಾಲಿ ಕುರ್ಚಿ ನೋಡುತ್ತಾ ಇಡೀ ಹಾಡು ಹಾಡಿದಳು. ಬಾಗಿಲು ಮತ್ತೆ ತೆರೆಯಿತು. ನಾಟಕದ ತಾಯಿ ಅವಳನ್ನು ತಬ್ಬಿ "ಬಾ ಮಗಳ" ಅಂದಳು... ಅದು ಡೈಲಾಗ್ ಅಂತ ಅವಳಿಗೆ ಗೊತ್ತಿತ್ತು. ಆದರೂ ಬಿಡಲೊಲ್ಲದೆ ಹಿಡಿದುಕೊಂಡು ಅತ್ತಳು.

ಮರುದಿನ ಪೇಪರಿನಲ್ಲಿ ತಂಡದ ಫೋಟೋ ಬಂತು, 'ಎಲ್ಲರನ್ನೂ ಒಳಗೊಂಡ ನಾಟಕ' ಅಂತ ಹೊಗಳಿಕೆಯೂ ಬಂತು. ಫೋಟೋದಲ್ಲಿ ಹೂವಕ್ಕ ಇರಲಿಲ್ಲ.

ಮುಂದಿನ ಶೋಗೆ ಸರ್ ಅವಳನ್ನು ಮತ್ತೆ ವಿಂಗ್‌ನಲ್ಲೇ ನಿಲ್ಲಿಸಿದರು. ಪ್ರಣತಿ ಜಗಳವಾಡಿ ಸೋತು ಬಂದು ಅತ್ತಳು. "ಯಾಕ್ ಹಾಡ್ತೀ ಹೂವಕ್ಕ? ಬಿಟ್ಟು ಹೋಗ್ಬಾರ್ದ?"

ಹೂವಕ್ಕ ಸ್ಟೇಜಿನ ಮೇಲಿದ್ದ ಪ್ಲೈವುಡ್ ಬಾಗಿಲನ್ನು ಕೈಯಿಂದ ಸವರಿದಳು.

"ಎಲ್ಲಿ ಹೋಗ್ಲಿ ತಂಗಿ... ಇದೊಂದ ಬಾಗಲಾ ನೋಡು, ನಾ ಹಾಡಿದ್ರ ತಗೀತೈತಿ."

*

ನಾಟಕದ ಮಗಳಿಗಾಗಿ ಅಳುವುದು ಸುಲಭ, ಮನೆಯ ಮಗಳಿಗೆ ಬಾಗಿಲು ತೆಗೆಯುವುದೇ ಕಷ್ಟ.

ಈಗ ಹೇಳಿ... ನಿಮ್ಮ ಬಾಗಿಲ ಹೊರಗೆ ಯಾರು ನಿಂತಿದ್ದಾರೆ?