ಗೋಡೆ ಹತ್ತಬೇಕಾದ ಐವತ್ತು ಹೆಸರು

ಕಾಗದದ ಬೆನ್ನಿಗೆ ಅಂಟು ಹಚ್ಚಿ ಆಗಿತ್ತು. ಗೋಡೆಗೆ ಒತ್ತುವುದಷ್ಟೇ ಬಾಕಿ. ಅಷ್ಟರಲ್ಲಿ ಅನುಶ್ರೀ ಬಂದು ಗಂಡನ ಕೈ ಹಿಡಿದುಕೊಂಡಳು.

"ರೀ, ಹನ್ನೆರಡನೇ ಹೆಸ್ರು ನನ್ ತಮ್ಮಂದು."

"ಗೊತ್ತು ಕಣೆ. ಬಾಮೈದ ಅಂತ ಬುಟ್ರೆ ನಾಳೆ ಜನ ನನ್ ಮಕಕ್ಕೆ ಉಗೀತಾರೆ," ಎಂದ ದೇವರಾಜು.

ಶಾಂತಿಗ್ರಾಮದಲ್ಲಿ ಹೆದ್ದಾರಿ ಬಸ್ಸು ನಿಲ್ಲುವ ಕಡೆ ದೇವರಾಜುವಿನ ಹೋಟೆಲ್. ಅಲ್ಲಿಯ ಇಡ್ಲಿಗಿಂತ ಅವನ ನ್ಯಾಯವೇ ಹೆಚ್ಚು ಹೆಸರುವಾಸಿ. ಚಟ್ನಿಯನ್ನು ಎರಡನೇ ಸಲ ಕೇಳಿದರೆ ಕೊಡುತ್ತಾನೆ, ತಪ್ಪು ಮಾಡಿದವರಿಗೆ ಎರಡನೇ ಅವಕಾಶ ಮಾತ್ರ ಕೊಡುವುದಿಲ್ಲ.

ಕಾಗದದಲ್ಲಿ ಇದ್ದದ್ದು ನಿಜನೆಲ ಪಕ್ಷದ ಸದಸ್ಯರ ಪಟ್ಟಿ. 'ಹೊರಗಿನವರು ಹೊರಗೆ' ಎಂದು ಕೂಗಿಕೊಂಡು ತಿರುಗುವ ಪಕ್ಷ ಅದು. ಹೊಳೆನರಸೀಪುರದ ಕಾಂತರಾಜು ತನ್ನ ಬೇಕರಿಯಲ್ಲಿ ಹೊರರಾಜ್ಯದ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದನೆಂದು ಅಲ್ಲಿಗೆ ನುಗ್ಗಿ ಗಾಜು ಪುಡಿಪುಡಿ ಮಾಡಿತ್ತು. ಒಲೆ ಮುಂದೆ ನಿಂತಿದ್ದ ಹುಡುಗನ ಕೈಗೆ ಒಂಬತ್ತು ಹೊಲಿಗೆ ಬಿದ್ದಿದ್ದವು. ಆ ಪಕ್ಷ ಬಿಟ್ಟು ಬಂದವನೊಬ್ಬ ಹೋದ ತಿಂಗಳ ಪಟ್ಟಿಯನ್ನು ಗುಟ್ಟಾಗಿ ದೇವರಾಜುವಿಗೆ ಕೊಟ್ಟಿದ್ದ. ಶಾಂತಿಗ್ರಾಮದ್ದೇ ಐವತ್ತು ಹೆಸರು, ಒಂದೊಂದರ ಎದುರಿಗೂ ಫೋನ್ ನಂಬರು. ದೇವರಾಜು ಚನ್ನರಾಯಪಟ್ಟಣಕ್ಕೆ ಹೋಗಿ ಅದನ್ನು ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದ.

ಸಂಕಟ ಏನೆಂದರೆ, ಅದೇ ಕಾಂತರಾಜುವಿನ ಮಗಳು ಸ್ಪಂದನಾಳ ಜೊತೆ ಅನುಶ್ರೀಯ ತಮ್ಮ ಮನುವಿಗೆ ಬರುವ ಭಾನುವಾರ ನಿಶ್ಚಿತಾರ್ಥ. ಪಟ್ಟಿ ಗೋಡೆ ಹತ್ತಿದರೆ ಹುಡುಗಿ ಕೈತಪ್ಪಿದಂತೆಯೇ. ಮನು ಅವಳನ್ನು ಎರಡು ವರ್ಷದಿಂದ ಪ್ರಾಣದಂತೆ ಹಚ್ಚಿಕೊಂಡಿದ್ದ.

"ಭಾವ, ದೇವ್ರಾಣೆ ಆ ಪಕ್ಷದ ಬಾವುಟ ಯಾವ್ ಬಣ್ಣ ಅಂತ್ಲೂ ನಂಗೊತ್ತಿಲ್ಲ," ಎಂದ ಮನು. ದಿನವೂ ಬೆಳಿಗ್ಗೆ ಕಾಫಿ ಕುಡಿಯುವ ಅದೇ ಬೆಂಚಿನ ಮೇಲೆ ಮುದುರಿ ಕೂತಿದ್ದ.

"ಸಿಕ್ಕಾಕ್ಕಂಡೋರೆಲ್ಲ ಇಂಗೇ ಅನ್ನದು ಕಣ್ಲಾ. ನಂಬರ್ ನಿಂದೇ ತಾನೆ?"

"ನಂಬರ್ ನಂದೇ."

"ಮತ್ತೆ? ಐವತ್ತಕ್ಕೆ ಐವತ್ತು ಜನಾನೂ ನನ್ ಗಿರಾಕಿಗಳೇ ಕಣೆ ಅನು. ನನ್ ಕಾಫಿ ಕುಡ್ಕಂಡೇ ಈ ಕೆಲ್ಸ ಮಾಡವ್ರೆ!"



"ಸತ್ತು ಮೂರ್ ವರ್ಷ ಆದ ಸಿದ್ದೇಶ್ವರಣ್ಣನ ಹೆಸ್ರೂ ಐತಲ್ರೀ," ಎಂದಳು ಅನುಶ್ರೀ.

"ಅಪ್ಪನ ಸಿಮ್ಮನ್ನ ಈಗ ಮಗ ಗೌರೀಶ ಇಟ್ಕಂಡವ್ನೆ. ಸತ್ತೋನ ಎಸ್ರಲ್ಲಿ ಸೇರ್ಕಂಡವ್ನೆ, ಕಿಲಾಡಿ."

ಅಡುಗೆಮನೆಯಿಂದ ಚಿಕ್ಕಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಬ್ಯಾಡ ಕಣ್ ಮಗಾ. ನಮ್ಮೂರ್ ಜನ ಒಳ್ಳೇರು. ಏನ್ ಕೇಳುದ್ರೂ ಇಲ್ಲ ಅನ್ನಕಿಲ್ಲ."

"ನಿಂಗಿದೆಲ್ಲ ಗೊತ್ತಾಗಕಿಲ್ಲ, ಸುಮ್ಕಿರಜ್ಜಿ."

ಹೋಟೆಲಿಗೆ ಚಟ್ನಿ ರುಬ್ಬುವ ಈ ಅಜ್ಜಿಯನ್ನು ಕಂಡರೆ ಊರಿಗೆಲ್ಲ ಅಯ್ಯೋ ಪಾಪ. ಮಗಳು ರೂಪಶ್ರೀ ಮಲ್ಲಿಪಟ್ಟಣದಲ್ಲಿದ್ದಾಳಂತೆ. ಬೆಳಗಾದರೆ ಅಜ್ಜಿ ಎಲೆಅಡಿಕೆ ಚೀಲದಿಂದ ನಂಬರಿನ ಚೀಟಿ ತೆಗೆದು, ಎದುರಿಗೆ ಸಿಕ್ಕವರ ಮುಂದೆ ಹಿಡಿಯುವಳು. "ನನ್ ಮಗ್ಳಿಗೆ ಒಂದ್ ಮಿಸ್ ಕಾಲ್ ಕೊಡ್ಲಾ ಮಗಾ. ಅವ್ಳೇ ತಿರ್ಗಾ ಮಾಡ್ತಾಳೆ." ಒಂದೇ ರಿಂಗು, ಆಮೇಲೆ ಕಟ್. ತಿರುಗಿ ಫೋನ್ ಬಂದದ್ದನ್ನು ಯಾರೂ ಕಂಡಿಲ್ಲ. ಬಸ್ಸಿಲ್ಲದೆ ಹೋಟೆಲ್ ಖಾಲಿ ಹೊಡೆಯುತ್ತಿದ್ದ ಮೊನ್ನೆ ಸೋಮವಾರ ದೇವರಾಜುವೇ ತನ್ನ ಫೋನಿನಿಂದ ಮಾಡಿಕೊಟ್ಟಿದ್ದ. ಹೆತ್ತವಳ ಫೋನನ್ನು ಕತ್ತರಿಸುವ ಆ ಮಗಳಿಗೆ ಒಂದು ದಿನ ಸರಿಯಾಗಿ ಉಗಿಯಬೇಕೆಂದು ನಂಬರನ್ನೂ ಸೇವ್ ಮಾಡಿಟ್ಟುಕೊಂಡಿದ್ದ.

"ಬೈಬ್ಯಾಡ ಕಣಪ್ಪ," ಎಂದು ಅಜ್ಜಿಯೇ ತಡೆದಿದ್ದಳು. "ಮಿಕ್ಸಿ ಕೊಡ್ಸವ್ಳೆ. ಮುಂದ್ಕೆ ಗ್ರೈಂಡರೂ ಬತ್ತದೆ."

ಹೋಟೆಲಿನ ಮಿಕ್ಸಿ ಕೆಟ್ಟಾಗ ಅಜ್ಜಿ ತನ್ನ ಹೊಸ ಮಿಕ್ಸಿಯನ್ನೇ ತಂದಿಟ್ಟಿದ್ದಳು. ಫೋನ್ ಎತ್ತದ ಮಗಳು ಮಿಕ್ಸಿ ಕಳಿಸುತ್ತಾಳೆಯೇ ಎಂದು ಯಾರೂ ಕೇಳಲಿಲ್ಲ. ಚಟ್ನಿ ನುಣ್ಣಗೆ ಬರುತ್ತಿತ್ತು.

ಅಜ್ಜಿ ಒಳಗೆ ಹೋದಳು. ಮಿಕ್ಸಿ ಗುರ್ರ್ ಎಂದಿತು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಅನುಶ್ರೀ ಗೊಣಗಿದಳು. ಅವಳ ಕಣ್ಣು ತುಂಬಿತ್ತು. "ಗೋಡೆಗೆ ಅಂಟ್ಸಿದ್ನ ನಾಳೆ ಕಿತ್ತಾಕ್ಬೋದು. ಜನರ ಬಾಯಿಂದ ಕೀಳಕ್ಕಾಯ್ತದಾ? ಅರಕಲಗೂಡಲ್ಲಿ ಇಂಥದೇ ಪಟ್ಟಿ ಹಾಕಿ, ಅದೇ ಹೆಸ್ರಿನ ಇನ್ಯಾರ್ದೋ ಅಂಗ್ಡಿಗೆ ಬೀಗ ಬೀಳ್ಲಿಲ್ವಾ?"

"ಮತ್ತೆ ಆ ಒಂಬತ್ ಹೊಲಿಗೆ ಬಿದ್ದೋನ ಪರ ಯಾರ್ ಮಾತಾಡದು? ಕದ್ದು ಸೇರ್ಕಂಡು ಕಲ್ಲು ಹೊಡ್ಯೋರ ಎಸ್ರನ್ನ ನಾವ್ಯಾಕೆ ಮುಚ್ಚಿಡ್ಬೇಕು?"

ಅವನ ಮಾತಿನಲ್ಲೂ ತಪ್ಪು ಹುಡುಕುವಂತಿರಲಿಲ್ಲ. ಅನುಶ್ರೀ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಸರಿ. ಅಂಟ್ಸೋಕೆ ಮುಂಚೆ ಒಂದೇ ಒಂದ್ಸಲ ವಿಚಾರ್ಸಿ. ಅಡಿಯಲ್ಲಿ ಪಕ್ಷದ ನಂಬರ್ ಐತೆ. ಮನು ಹೆಂಗ್ ಸೇರ್ದ ಅಂತ ಕೇಳಿ. ಅವ್ನೇ ಸೇರಿದ್ದು ಅಂದ್ರೆ ನಾನೇ ನಿಂತ್ಕಂಡು ಅಂಟ್ಸ್ತೀನಿ."

ನ್ಯಾಯದ ಮಾತು. ದೇವರಾಜು ಇಲ್ಲ ಎನ್ನಲಾರ. ಕನ್ನಡಕ ಏರಿಸಿ, ಪಟ್ಟಿಯ ಕೊನೆಯಲ್ಲಿದ್ದ ಸಣ್ಣಕ್ಷರವನ್ನು ಮೊದಲ ಸಲ ಓದಿದ.

"'ಸದಸ್ಯರಾಗಲು ಈ ನಂಬರಿಗೆ ಒಂದು ಮಿಸ್ಡ್ ಕಾಲ್ ಸಾಕು. ಐವತ್ತು ಜನರನ್ನು ಸೇರಿಸಿದವರಿಗೆ ಮಿಕ್ಸಿ, ನೂರಕ್ಕೆ ಗ್ರೈಂಡರ್.' ಥೂ! ಮಿಕ್ಸಿ ಆಸೆಗೆ ಊರ್ನೇ ಮಾರವ್ನಲ್ಲ, ಆ ಮನೆಹಾಳ ಯಾವನು ಅಂತ ಮೊದ್ಲು ಗೊತ್ತಾಗ್ಲಿ. ಅವ್ನ ಎಸ್ರು ಎಲ್ಲಕ್ಕಿಂತ ಮೇಲೆ ಬರೀತೀನಿ!"

ಒಳಗೆ ಮಿಕ್ಸಿಯ ಸದ್ದು ನಿಂತಿತು.

ದೇವರಾಜು ಒಂದೊಂದೇ ಅಂಕಿ ಒತ್ತಿದ. ಹತ್ತನೆಯದು ಒತ್ತುತ್ತಲೇ ಅವನ ಫೋನೇ ಹೆಸರು ಹೇಳಿತು: 'ರೂಪಶ್ರೀ, ಅಜ್ಜಿ ಮಗಳು'.