ಆಲ್ಸೀಡನ ಪಾಲಿನ ರಮ್ ಜೆಲ್ಲಿ

ಐಸ್ ಡಬ್ಬದ ಮುಚ್ಚಳ ತೆಗೆದಾಗ ಪುಟ್ಟ ಲೋಟಗಳಲ್ಲಿದ್ದ ರಮ್ ಜೆಲ್ಲಿ ಅಂಚಿನಲ್ಲಿ ಕರಗತೊಡಗಿತ್ತು. ಬ್ಯಾಂಡಿನ ಸದ್ದು ಪಕ್ಕದ ಬೀದಿಯಲ್ಲೇ ಮುಂದಕ್ಕೆ ಹೋಗುತ್ತಿತ್ತು. ನ್ಯೂ ಆರ್ಲಿಯನ್ಸಿನ ಈ ಭಾನುವಾರದ ಮೆರವಣಿಗೆ ಪ್ರತಿ ವರ್ಷ ಅರ್ಲೀನಳ ಮೆಟ್ಟಿಲ ಮುಂದೆ ನಿಂತು, ತೀರಿಹೋದ ಅವಳ ಗಂಡ, ಅದೇ ಬ್ಯಾಂಡಿನಲ್ಲಿ ಟ್ರಂಬೋನ್ ನುಡಿಸುತ್ತಿದ್ದ ಆಲ್ಸೀಡನ ಹೆಸರಿನಲ್ಲಿ ಒಂದು ಹಾಡು ಬಾರಿಸಿ, ಅವಳ ಜೆಲ್ಲಿ ನುಂಗಿ ಸಾಗುತ್ತಿತ್ತು. ನಿಲ್ಲದೆ ಹೋದರೆ ಸತ್ತವನನ್ನು ಮತ್ತೊಮ್ಮೆ ಹೂತಂತೆ.

ಎದುರುಮನೆಯ ಮಹಡಿಯಿಂದ ಪ್ರವಾಸಿಯೊಬ್ಬ ಕೂಗಿದ. "ಆಂಟಿ, ಅವ್ರು ಈ ಕಡೆ ಬರಲ್ವಂತೆ. ಗಲಾಟೆ ಅಂತ ಮನೆ ಮಾಲೀಕರು ದೂರು ಕೊಟ್ಟಿದ್ರಂತೆ. ಆ ಜೆಲ್ಲಿ ಮಾರ್ತೀರಾ?"

"ಇದು ಬಾರಿಸೋರ ಬಾಯಿಗೆ ಕಣಪ್ಪ, ದೂರು ಕೊಡೋರ ಬಾಯಿಗಲ್ಲ."

ಆ ಮಾಲೀಕರೇ ಬಾಡಿಗೆ ಏರಿಸಿ ಏರಿಸಿ ನೆರೆಯವರನ್ನೆಲ್ಲ ಊರಾಚೆಗೆ ಅಟ್ಟಿ, ಮನೆಗಳನ್ನು ಪ್ರವಾಸಿಗಳಿಗೆ ಕೊಟ್ಟಿದ್ದರು. ಡಬ್ಬಕ್ಕೆ ಕೈಹಚ್ಚುವವರು ಯಾರೂ ಇರಲಿಲ್ಲ. ಅವಳೊಬ್ಬಳೇ ಅದನ್ನು ದರದರ ಎಳೆಯುತ್ತ ತಿರುವಿಗೆ ಬಂದಳು.

"ಅಮ್ಮಾ, ಹಿಂದಕ್ಕೆ ಸರೀರಿ. ಮೆರವಣಿಗೆಗೆ ಹೊಸ ದಾರಿ ಕೊಟ್ಟಿದೀವಿ," ಎಂದ ಪೊಲೀಸಿನವನು.

"ದಾರಿ ನಿಮ್ದಿರಬಹುದು. ಸತ್ತೋನು ನಮ್ಮೋನು."

ಪೊಲೀಸರ ಬ್ಯಾರಿಕೇಡಿನ ಕೆಳಗೆ ನುಸುಳಿ, ಡಬ್ಬವನ್ನು ನಡುರಸ್ತೆಯಲ್ಲಿಟ್ಟು, ಒಂದು ಲೋಟವನ್ನು ಮುಂದಾಳಿನ ತುತ್ತೂರಿಯ ಎದುರಿಗೇ ಹಿಡಿದಳು. ಅವನು ಊದುವುದನ್ನು ನಿಲ್ಲಿಸಿದ. ಹಿಂದಿನ ವಾದ್ಯಗಳೂ ಒಂದೊಂದಾಗಿ ನಿಂತವು. ಎಲ್ಲ ಹೊಸ ಮುಖಗಳು.

"ಯಾರಮ್ಮ ನೀವು?"

ತನ್ನ ಹೆಸರನ್ನು ಯಾರಿಗಾದರೂ ಹೇಳಿ ಎಷ್ಟು ಕಾಲವಾಗಿತ್ತೋ, ಮೊದಲ ಸಲ ದನಿಯೇ ಹೊರಡಲಿಲ್ಲ. ಎರಡನೆಯ ಸಲ ಆ ಹೆಸರು ಇಡೀ ಬೀದಿಗೆ ಕೇಳಿಸಿತು.